ಇನ್ನೊಂದು ಸಲ ಓದಿ, ಮೇಷ್ಟ್ರೇ

ಒಂದು ಕಾಡಿನಲ್ಲಿ ಯಾರನ್ನೂ ಸುಲಭಕ್ಕೆ ನಂಬದ ಮುಳ್ಳುಹಂದಿಯೊಬ್ಬಳಿದ್ದಳು. ಹೆಸರು ಮುಳ್ಳಕ್ಕ. ಗೆಡ್ಡೆ ಸಿಕ್ಕರೆ ಒಂದು ಸಲ ಮೂಸಿ, ಅದರ ಸುತ್ತ ಒಂದು ಸುತ್ತು ಹಾಕಿ, ಮತ್ತೆ ಮೂಸಿ, ಆಮೇಲೆ ತಿನ್ನುವಳು. ಮಳೆ ಬಂದರೆ "ಇವತ್ತೇ ಯಾಕೆ ಬಂತು" ಎನ್ನುವಳು. ಯಾರಾದರೂ "ಚೆನ್ನಾಗಿದ್ದೀಯಾ ಮುಳ್ಳಕ್ಕ" ಎಂದರೆ, "ಯಾಕೆ, ನನ್ನ ವಿಷಯ ಏನು ಕೇಳಿದೆ" ಎಂದು ತಿರುಗಿ ಕೇಳುವಳು.

ಅವಳಿಗೆ ಒಬ್ಬನೇ ಮಗ, ಚುಚ್ಚು. ಹೆಸರಷ್ಟೇ ಚುಚ್ಚು, ಮೈಮೇಲಿನ ಮುಳ್ಳು ಇನ್ನೂ ಹುಲ್ಲಿನಷ್ಟು ಮೆತ್ತಗಿತ್ತು. ಅದಕ್ಕೇ ಮುಳ್ಳಕ್ಕ ಅವನನ್ನು ಬಿಲ ಬಿಟ್ಟು ದೂರ ಹೋಗಲು ಬಿಡುತ್ತಿರಲಿಲ್ಲ. ಅವರ ಬಿಲವಿದ್ದದ್ದು ಕಾಡಿನಂಚಿನ ಒಂದು ದಿಬ್ಬದಲ್ಲಿ. ಅದೇ ದಿಬ್ಬದಲ್ಲಿ ಮೊಲದಮ್ಮನ ಸಂಸಾರವಿತ್ತು. ಕೆಳಗಿನ ಪೊದೆಯಲ್ಲಿ ಕಾಡುಕೋಳಿಯಮ್ಮನ ಸಂಸಾರ.

ದಿಬ್ಬದ ಬುಡದಲ್ಲಿ ಒಂದು ನಾಯಿ ಬಂದು ಸೇರಿಕೊಂಡಿತ್ತು. ಅವನ ಹೆಸರು ಬೂದಿ. ಊರಿನ ಮನೆಯೊಂದರಲ್ಲಿ ಬಚ್ಚಲ ಒಲೆಯ ಬೂದಿಯಲ್ಲಿ ಮಲಗಿ ಬೆಳೆದವನು. ಮನೆಯವರು ನಾಯಿ ಸಾಕಬಾರದೆಂಬ ಕರಾರಿನ ಬಾಡಿಗೆ ಮನೆಗೆ ಹೋಗುವಾಗ ಇವನನ್ನು ಹಳೇ ಮನೆಯ ಬೀಗದ ಜೊತೆ ಬಿಟ್ಟುಹೋದರು. ಬಾಗಿಲ ಮುಂದೆ ಬಹಳ ದಿನ ಕೂತು ನೋಡಿ, ಕೊನೆಗೆ ಕಾಡಿನ ದಾರಿ ಹಿಡಿದಿದ್ದ. ಅಪರಿಚಿತರ ವಾಸನೆ ಬಂದರೆ ಸಾಕು, ಬೂದಿ ಬೊಗಳುತ್ತಿದ್ದ. ಅವನು ಬಂದ ಮೇಲೆ ದಿಬ್ಬದಲ್ಲಿ ಒಂದು ಮರಿಯೂ ಕಾಣೆಯಾಗಿರಲಿಲ್ಲ.

ಮೊಲದಮ್ಮನಿಗೆ ಇದು ಸಮಾಧಾನ. ಮುಳ್ಳಕ್ಕನಿಗೆ ಇದೇ ಅನುಮಾನ.

"ಹೇಳದೆ ಕೇಳದೆ ಬಂದು ಪುಕ್ಕಟೆ ಕಾವಲು ಕಾಯ್ತಾನಲ್ಲ, ಅವನ ಮನಸ್ಸಲ್ಲಿ ಏನಿದೆಯೋ" ಎನ್ನುತ್ತಿದ್ದಳು.

ಬೂದಿ ಬಂದ ಮೇಲೆ ಹೊಟ್ಟೆಗೆ ಸಂಚಕಾರ ಬಂದದ್ದು ನರಿಗೆ. ದಿಬ್ಬದ ಹತ್ತಿರ ಸುಳಿದರೆ ಬೊಗಳು, ಪೊದೆಯ ಹತ್ತಿರ ಸುಳಿದರೆ ಬೊಗಳು. ಎಲುಬು ಎಣಿಸುವ ಹಾಗೆ ಸೊರಗಿದ್ದ.

ಒಂದು ದಿನ ಹೊಳೆಯ ಬಳಿ ಊಟ ಕಟ್ಟಿಕೊಂಡು ಬಂದಿದ್ದ ಯಾರೋ ಮನೆಮಂದಿ ಹೊರಟುಹೋದ ಮೇಲೆ, ನರಿ ಚಿತ್ರಾನ್ನದ ವಾಸನೆ ಹಿಡಿದು ಅಲ್ಲಿಗೆ ಬಂದ. ಅನ್ನ ಸಿಗಲಿಲ್ಲ. ಬಂಡೆಯ ಮೇಲೆ ಮಗುವೊಂದು ಮರೆತ ಪುಸ್ತಕ ಸಿಕ್ಕಿತು. ತುಂಬ ಪ್ರಾಣಿಗಳ ಚಿತ್ರ, ಚಿತ್ರಕ್ಕೆ ಎದುರಾಗಿ ಕಪ್ಪು ಕಪ್ಪು ಅಕ್ಷರ. ನರಿ ಅದನ್ನು ಮೊದಲು ನೆಕ್ಕಿ ನೋಡಿದ. ರುಚಿಯಿರಲಿಲ್ಲ. ಬಿಸಾಡಲು ಹೋದವನು ತಡೆದು, ಮತ್ತೆ ತಿರುವಿ ನೋಡಿದ. ಆಮೇಲೆ ಬಹಳ ಹೊತ್ತು ನಕ್ಕ.

ಆ ಸಂಜೆಯೇ ಬಸರಿ ಮರದ ಕೆಳಗೆ ಹುತ್ತದ ಮೇಲೆ ಪುಸ್ತಕವಿಟ್ಟುಕೊಂಡು ಕೂತ. ಪಂಜ ನೆಕ್ಕಿ ನೆಕ್ಕಿ ಪುಟ ತಿರುವಿದ. ಸುದ್ದಿ ಹಬ್ಬಿತು. ಮೊಲದಮ್ಮ, ಕೋಳಿಯಮ್ಮ ಮರಿಗಳನ್ನು ಕಟ್ಟಿಕೊಂಡು ಬಂದು ದೂರದಲ್ಲಿ ನಿಂತರು. ಮುಳ್ಳಕ್ಕನೂ ಚುಚ್ಚುವಿನ ಜೊತೆ ಬಂದಳು. ಕೇಳಬೇಕಾದ ಪ್ರಶ್ನೆಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೇ ಬಂದಿದ್ದಳು. ಈ ಪುಸ್ತಕ ಎಲ್ಲಿಯದು? ಓದು ಕಲಿಸಿದವರು ಯಾರು? ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?

"ನನ್ನ ವಿಷಯ ಏನಾದರೂ ಬರೆದಿದ್ದಾರಾ?" ಎಂದು ಮೊಲದಮ್ಮ ಸಂಕೋಚದಿಂದ ಕೇಳಿದಳು.

ನರಿ ಪುಟ ತಿರುವಿ ಗಂಟಲು ಸರಿಮಾಡಿಕೊಂಡ. "ಇಲ್ಲಿದೆ ತಾಯಿ. 'ದೇವರು ಅಷ್ಟು ಚೆಂದದ ಕಿವಿ ಎರಡೇ ಎರಡು ಮಾಡಿದ. ಎರಡನ್ನೂ ಮೊಲಕ್ಕೇ ಕೊಟ್ಟ.'"

ಮೊಲದಮ್ಮನ ಕಿವಿ ನೆಟ್ಟಗಾದವು.

"ಕೋಳಿಯಮ್ಮನದು ಇಲ್ಲಿದೆ. 'ನವಿಲು ನಡೆಯಲು ಕಲಿತದ್ದು ಕಾಡುಕೋಳಿಯನ್ನು ನೋಡಿ.'"

"ನಾನು ಹೇಳ್ತಾನೇ ಇದ್ದೆ" ಎಂದಳು ಕೋಳಿಯಮ್ಮ. ಹಾಗೆ ಅವಳು ಯಾವತ್ತೂ ಹೇಳಿರಲಿಲ್ಲ.

"ಮುಳ್ಳಕ್ಕನ ಪುಟ ದೊಡ್ಡದಿದೆ" ಎಂದು ನರಿ ನಿಧಾನಕ್ಕೆ ಓದಿದ. "'ಮುಳ್ಳುಹಂದಿ ಈ ಕಾಡಿನ ಮಂತ್ರಿಯಾಗಬೇಕಾದವಳು. ಅವಳ ತಲೆ ತುಂಬಿ ಹೆಚ್ಚಾದ ಬುದ್ಧಿಯೇ ಬೆನ್ನ ಮೇಲೆ ಮುಳ್ಳಾಗಿ ಹೊರಗೆ ಬಂದಿದೆ.'"

ಮುಳ್ಳಕ್ಕ ಜೋಡಿಸಿಕೊಂಡು ಬಂದಿದ್ದ ಪ್ರಶ್ನೆಗಳು ಎಲ್ಲಿ ಹೋದವೋ ಗೊತ್ತಿಲ್ಲ. "ಬರೆದವರು ಯಾರೋ ತಿಳಿದವರೇ ಇರಬೇಕು" ಎಂದಳು. ಜಗತ್ತಿನಲ್ಲಿರುವ ಎಲ್ಲವನ್ನೂ ಅನುಮಾನಿಸುವವಳಿಗೆ ಇದೊಂದನ್ನು ಅನುಮಾನಿಸಬೇಕು ಅನ್ನಿಸಲಿಲ್ಲ.

ಆಮೇಲೆ ನರಿ ಇನ್ನೊಂದು ಪುಟ ತಿರುವಿದ. ಪುಸ್ತಕ ಮುಚ್ಚಲು ಹೋದ.

"ಯಾಕೆ ಮೇಷ್ಟ್ರೇ?" ಎಂದಳು ಮೊಲದಮ್ಮ. ನರಿ ಅಷ್ಟು ಹೊತ್ತಿಗೆ ಮೇಷ್ಟ್ರಾಗಿದ್ದ.

"ಬೇಡ ತಾಯಿ. ನಾಯಿಯ ಪುಟ ಅದು. ಮಕ್ಕಳು ಕೇಳೋಂಥದ್ದಲ್ಲ."

ಕೇಳುವಂಥದ್ದಲ್ಲ ಎಂದ ಮೇಲೆ ಕೇಳದೆ ಬಿಡುವವರು ಯಾರು. ಎಲ್ಲರೂ ಒತ್ತಾಯ ಮಾಡಿದರು. ನರಿ ದೂರದಿಂದಲೇ ಚಿತ್ರವನ್ನು ಒಂದು ಕ್ಷಣ ತೋರಿಸಿದ. ಬಾಯಿ ತೆರೆದ ನಾಯಿ, ಬಿಳೀ ಹಲ್ಲು. ಆಮೇಲೆ ಓದಿದ.

"'ನಾಯಿ ಮೊದಲು ಮರಿಗಳನ್ನು ಕಾಯುತ್ತದೆ. ಅವು ದಪ್ಪಗಾಗುವವರೆಗೂ ಕಾಯುತ್ತದೆ. ಅಮಾವಾಸ್ಯೆ ಬಂದಾಗ ಕಾವಲು ಮುಗಿಯುತ್ತದೆ, ಊಟ ಶುರುವಾಗುತ್ತದೆ.'"

ಅಮಾವಾಸ್ಯೆ ನಾಳಿದ್ದಿತ್ತು. ಕೋಳಿಯಮ್ಮ ಮರಿಗಳನ್ನೆಲ್ಲ ರೆಕ್ಕೆಯೊಳಗೆ ತುಂಬಿಕೊಂಡಳು.

"ನನಗೆ ಮೊದಲೇ ಅನುಮಾನ ಇತ್ತು" ಎಂದಳು ಮುಳ್ಳಕ್ಕ.

"ಮಂತ್ರಿಗೆ ಗೊತ್ತಾಗದೆ ಇರುತ್ತಾ" ಎಂದ ನರಿ. "ನಾಯೀನ ಇವತ್ತೇ ಕಳಿಸಿಬಿಡಿ. ಮರಿಗಳನ್ನ ನಾಳೆ ಬೆಳಿಗ್ಗೆ ನನ್ನ ಗುಹೆಗೆ ಕರ್ಕೊಂಡು ಬನ್ನಿ. ಅಕ್ಷರ ಕಲಿಸ್ತೀನಿ. ಪಾಠವೂ ಆಯ್ತು, ಕಾವಲೂ ಆಯ್ತು."

"ಊಟ?" ಎಂದಳು ಮೊಲದಮ್ಮ.

"ಊಟದ ಯೋಚನೆ ನನಗೆ ಬಿಡಿ."

ಆ ಸಂಜೆ ನರಿ ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

ಬೂದಿಯನ್ನು ಕಳಿಸುವ ಕೆಲಸ ಮುಳ್ಳಕ್ಕನ ಪಾಲಿಗೆ ಬಂತು. ಅವಳು ಮುಳ್ಳು ಕೆದರಿಕೊಂಡೇ ಹೋದಳು. ಬೂದಿ ದಿಬ್ಬದ ಬುಡದಲ್ಲಿ ಮುಂಗಾಲಿನ ಮೇಲೆ ಗದ್ದವಿಟ್ಟು ಮಲಗಿದ್ದ. ವಿಷಯವನ್ನೆಲ್ಲ ಕೇಳಿ ಎದ್ದು ಕೂತ.

"ಪುಸ್ತಕದಲ್ಲಿ ಹಾಗಿದೆಯಾ ಅಕ್ಕ?"

"ಇದೆ. ಚಿತ್ರನೂ ಇದೆ."

"ನಾನಿದ್ದ ಮನೇಲೂ ಒಂದು ಪುಸ್ತಕ ಇತ್ತು" ಎಂದ ಬೂದಿ. "ಮಗು ದಿನಾ ಅದೇ ಕಥೇನ ಅಜ್ಜಿ ಹತ್ರ ಓದಿಸ್ಕೊಳ್ತಿತ್ತು. ಅಜ್ಜಿ ತೂಕಡಿಸ್ತಾ ಒಂದು ಸಾಲು ಬಿಟ್ರೆ, 'ಬಿಟ್ಟೆ ಅಜ್ಜಿ, ಬಿಟ್ಟೆ' ಅಂತ ಸೆರಗು ಜಗ್ತಿತ್ತು. ಮಗುಗೆ ಓದೋಕೆ ಬರ್ತಿರ್ಲಿಲ್ಲ. ಆದ್ರೂ ಗೊತ್ತಾಗ್ಬಿಡ್ತಿತ್ತು."

"ಈ ಅಜ್ಜಿ ಪುರಾಣ ನನಗ್ಯಾಕೆ?"

"ಏನಿಲ್ಲ. ಪುಸ್ತಕ ಅಂದೆಯಲ್ಲ, ನೆನಪಾಯ್ತು." ಬೂದಿ ಮೈ ಕೊಡವಿಕೊಂಡ. "ಚುಚ್ಚೂನ ಹೊಳೆ ಕಡೆ ಒಬ್ಬನೇ ಬಿಡಬೇಡ ಅಕ್ಕ. ಅಲ್ಲಿ ನರಿ ಹೆಜ್ಜೆ ಜಾಸ್ತಿ ಆಗಿದೆ."

ಅಷ್ಟು ಹೇಳಿ ಬಾಲ ಇಳಿಬಿಟ್ಟುಕೊಂಡು ಹೊರಟುಹೋದ. ಮುಳ್ಳಕ್ಕ ಅವನು ಮಲಗುತ್ತಿದ್ದ ಜಾಗವನ್ನೆಲ್ಲ ಮೂಸಿ ನೋಡಿದಳು, ಮರಿಗಳ ಮೂಳೆಯೇನಾದರೂ ಇದೆಯಾ ಎಂದು. ಒಂದು ತುಪ್ಪಟವೂ ಇರಲಿಲ್ಲ. 'ಇಷ್ಟು ಚೊಕ್ಕಟವಾಗಿ ಯಾರು ಇಟ್ಕೊಳ್ತಾರೆ' ಎಂದು ಅದಕ್ಕೂ ಅನುಮಾನಪಟ್ಟಳು.

ಬಿಲಕ್ಕೆ ಬಂದು ಮಲಗಿದಾಗ ಚುಚ್ಚು ಹತ್ತಿರ ಸರಿದ. "ಅಮ್ಮ, ನಿನ್ನ ಪುಟ ಹೇಳು."

ಮುಳ್ಳಕ್ಕ ಹೇಳಿದಳು. ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡಿದ್ದಳೋ, ಬಾಯಿಪಾಠವಾಗಿತ್ತು.

"ಇನ್ನೊಂದು ಸಲ."

"ಮುಳ್ಳುಹಂದಿ ಈ ಕಾಡಿನ ಮಂತ್ರಿಯಾಗಬೇಕಾದವಳು. ಅವಳ ತಲೆ ತುಂಬಿದ ಬುದ್ಧಿಯೇ ಬೆನ್ನ ಮೇಲೆ..."

"ಬಿಟ್ಟೆ ಅಮ್ಮ. 'ಹೆಚ್ಚಾದ' ಬಿಟ್ಟೆ."

ಮುಳ್ಳಕ್ಕ ಎದ್ದು ಕೂತಳು. ಚುಚ್ಚುವಿಗೂ ಓದಲು ಬರುವುದಿಲ್ಲ. ಊರಿನ ಆ ಮಗುವಿಗೂ ಬರುತ್ತಿರಲಿಲ್ಲ. ಬರೆದಿಟ್ಟ ಮಾತು ಎಷ್ಟು ಸಲ ಓದಿದರೂ ಅದೇ ಇರಬೇಕಲ್ಲ. ಅವಳಿಗೆ ಮೊದಲ ಬಾರಿಗೆ ತನ್ನ ಹೊಗಳಿಕೆಯ ಮೇಲೇ ಅನುಮಾನ ಬಂತು. ಆ ಅನುಮಾನ ಬೇರೆಲ್ಲ ಅನುಮಾನಗಳಿಗಿಂತ ಹೆಚ್ಚು ನೋಯಿಸಿತು.

ಬೆಳಿಗ್ಗೆ ನರಿಯ ಗುಹೆಯ ಮುಂದೆ ಮೊಲದ ಮರಿಗಳು, ಕೋಳಿಮರಿಗಳು ಸಾಲಾಗಿ ನಿಂತಿದ್ದವು. ನರಿ ಪುಸ್ತಕ ತೆರೆದಿಟ್ಟುಕೊಂಡು, ಅಕ್ಷರ ನೋಡುವ ಬದಲು ಮರಿಗಳನ್ನೇ ಒಂದೊಂದಾಗಿ ನೋಡುತ್ತಿದ್ದ. ನೋಡಿದ ಹಾಗೆಲ್ಲ ಎಂಜಲು ನುಂಗುತ್ತಿದ್ದ.

"ಒಳಗೆ ಬನ್ನಿ ಮಕ್ಕಳೇ, ಹೊತ್ತಾಯ್ತು."

ಮುಳ್ಳಕ್ಕ ಗುಹೆಯ ಬಾಯಿಗೆ ಅಡ್ಡ ನಿಂತಳು. "ಪಾಠಕ್ಕೆ ಮುಂಚೆ ನನ್ನ ಪುಟ ಇನ್ನೊಂದು ಸಲ ಓದಿ, ಮೇಷ್ಟ್ರೇ. ಕಿವಿ ತುಂಬ ಕೇಳ್ಬೇಕು ಅನ್ನಿಸ್ತಿದೆ."

"ಅದಕ್ಕೇನಂತೆ ಮಂತ್ರಿಗಳೇ." ನರಿ ಪುಟ ತಿರುವಿದ. "'ಮುಳ್ಳುಹಂದಿ ಬಹಳ ಧೈರ್ಯವಂತೆ. ಹುಲಿ ಎದುರು ಬಂದರೂ ದಾರಿ ಬಿಡುವುದಿಲ್ಲ.'"

"ಬಿಟ್ಟರು ಅಮ್ಮ" ಎಂದ ಚುಚ್ಚು. "ಮಂತ್ರೀನೇ ಬಿಟ್ಟರು."

"ಅದು ಕೆಳಗಡೆ ಇದೆ ಮರಿ" ಎಂದ ನರಿ.

"ಹಾಗಾದ್ರೆ ನಂದೂ ಒಂದ್ಸಲ ಓದಿಬಿಡಿ" ಎಂದು ಮೊಲದಮ್ಮ ಮುಂದೆ ಬಂದಳು. ಕಿವಿ ಮುದುಡೀತೆಂದು ಅವಳು ರಾತ್ರಿಯೆಲ್ಲ ಕೂತೇ ನಿದ್ದೆ ಮಾಡಿದ್ದಳು.

"'ಮೊಲ ಓಡಿದರೆ ಗಾಳಿಗೂ ಏದುಸಿರು.'"

"ಕಿವಿ ಎಲ್ಲಿ? ನಿನ್ನೆ ಕಿವಿ ಇತ್ತು."

"ನನ್ನ ನಡಿಗೆ ಇದೆಯೋ ಅದೂ ಹೋಯ್ತೋ?" ಎಂದಳು ಕೋಳಿಯಮ್ಮ.

ನರಿ ಪುಟಗಳನ್ನು ಹಿಂದೆ ಮುಂದೆ ತಿರುವಿದ. ಹೊಗಳಿದವನು ಹೊಗಳಿ ಮರೆತಿದ್ದ. ಹೊಗಳಿಸಿಕೊಂಡವರು ಒಂದು ಅಕ್ಷರವನ್ನೂ ಮರೆತಿರಲಿಲ್ಲ. "ರಾತ್ರಿ ಮಂಜು ಬಿದ್ದು ಅಕ್ಷರ ಸ್ವಲ್ಪ ಆಚೀಚೆ ಆಗಿದೆ" ಎಂದ.

"ಹೋಗಲಿ ಬಿಡಿ" ಎಂದಳು ಮುಳ್ಳಕ್ಕ. "ನಾವು ಹೇಗಿದ್ರೆ ಏನು. ನಾಯಿ ಪುಟ ಒಂದು ಸರಿಯಾಗಿದ್ರೆ ಸಾಕು. ಅದನ್ನ ಓದಿ, ಮರಿಗಳನ್ನ ಒಳಗೆ ಬಿಡ್ತೀವಿ."

ಅವಳೇ ಮೂತಿಯಿಂದ ಪುಟ ತಿರುವಿದಳು. ಒಂದು ಕಡೆ ನಿಲ್ಲಿಸಿ, ಚಿತ್ರವಿದ್ದ ಬದಿಯ ಮೇಲೆ ಕೂತುಬಿಟ್ಟಳು. ನರಿಯ ಕಡೆಗೆ ಅಕ್ಷರಗಳಷ್ಟೇ ಉಳಿದವು.

"ಇದೇ ಅಲ್ವಾ ನಾಯಿ ಪುಟ?"

"ಇದೇ, ಇದೇ" ಎಂದ ನರಿ ಅಕ್ಷರಗಳ ಮೇಲೆ ಪಂಜ ಆಡಿಸುತ್ತ. "'ನಾಯಿ ಮೊದಲು ಮರಿಗಳನ್ನು ಕಾಯುತ್ತದೆ. ಅವು ದಪ್ಪಗಾಗುವವರೆಗೂ ಕಾಯುತ್ತದೆ. ಅಮಾವಾಸ್ಯೆ ಬಂದಾಗ ಕಾವಲು ಮುಗಿಯುತ್ತದೆ, ಊಟ ಶುರುವಾಗುತ್ತದೆ.'"

ಒಂದು ಅಕ್ಷರ ತಪ್ಪಲಿಲ್ಲ. ಅವನಿಗೆ ಬೇಕಾಗಿದ್ದ ಸುಳ್ಳು ಅದೊಂದೇ; ಅದನ್ನು ಚೆನ್ನಾಗಿ ಕಲಿತಿದ್ದ.

ಮುಳ್ಳಕ್ಕ ಎದ್ದು ಪಕ್ಕಕ್ಕೆ ಸರಿದಳು. ಅವಳು ಕೂತಿದ್ದ ಚಿತ್ರದಲ್ಲಿ ಒಂದು ಕೆರೆ. ಕೆರೆಯಲ್ಲಿ ಬಾತುಕೋಳಿ. ಅದರ ಹಿಂದೆ ಹಳದೀ ಮರಿಗಳು.

ಎಲ್ಲರೂ ಕತ್ತು ಚಾಚಿ ನೋಡಿದರು.

"ಬಾತುಕೋಳಿನೂ ಅಮಾವಾಸ್ಯೆಗೇ ಊಟ ಮಾಡುತ್ತಾ, ಮೇಷ್ಟ್ರೇ?" ಎಂದು ಮೊಲದಮ್ಮ ಕೇಳಿದಳು.

ನರಿ ಮೇಷ್ಟ್ರಗಿರಿಯನ್ನು ಅಲ್ಲಿಗೇ ಬಿಟ್ಟ. ಎಲ್ಲರಿಗಿಂತ ಮುಂದೆ ನಿಂತಿದ್ದ ಚುಚ್ಚುವಿನ ಮೇಲೆ ಹಾರಿದ. ಆದರೆ ಮುಳ್ಳಕ್ಕ ಅಷ್ಟರಲ್ಲಿ ಬೆನ್ನು ತಿರುಗಿಸಿ, ಮುಳ್ಳು ಕೆದರಿ, ಹಿಂದಹಿಂದಕ್ಕೇ ನುಗ್ಗಿದಳು. ತಲೆ ತುಂಬಿ ಹೆಚ್ಚಾದ ಬುದ್ಧಿಯೆಲ್ಲ ನರಿಯ ಮೂತಿಗೆ ನಾಟಿಕೊಂಡಿತು. ಅವನು ಊಳಿಡುತ್ತ ಹೊಳೆ ದಾಟಿ ಓಡಿದ. ಆಮೇಲೆ ಎಷ್ಟೋ ದಿನ ಅವನಿಗೆ ಓದುವುದಿರಲಿ, ಬಾಯಿ ತೆರೆಯಲೂ ಆಗಲಿಲ್ಲವಂತೆ.

ಮುಳ್ಳಕ್ಕ ಬೂದಿಯನ್ನು ಹುಡುಕಿಕೊಂಡು ಹೋದಳು. ಕಾಡಿನ ದಾರಿ ಟಾರು ರಸ್ತೆ ಸೇರುವಲ್ಲಿ ಅವನು ಕೂತಿದ್ದ. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡುತ್ತಿದ್ದ.

"ಇನ್ನೂ ಇಲ್ಲೇ ಯಾಕಿದ್ದೀಯ?" ಎಂದು ಕೇಳಿದಳು.

"ಎಲ್ಲಿಗೆ ಹೋಗೋದು ಅಂತ ಗೊತ್ತಾಗ್ಲಿಲ್ಲ ಅಕ್ಕ."

"ನಿನ್ನ ಜಾಗಕ್ಕೆ ಇರುವೆ ಬರೋ ಹಾಗಿದೆ. ಬಂದು ಮಲಗು."

"ಪುಸ್ತಕದಲ್ಲಿ..."

"ಪುಸ್ತಕದ್ದಲ್ಲ, ನರಿಯ ಮಾತು. ನಾನು ನಂಬಿದೆ. ತಪ್ಪಾಯ್ತು." ಆ ಪದ ಅವಳ ಬಾಯಿಗೆ ಹೊಸದು, ಹೊರಡಲು ತಡವರಿಸಿತು. "ನನ್ನನ್ನ ಹೊಗಳ್ದ ನೋಡು, ಅಲ್ಲೇ ಕೆಟ್ಟೆ."

"ಏನಂತ ಹೊಗಳ್ದ?"

ಮುಳ್ಳಕ್ಕ ಹೇಳಿದಳು. ಈ ಸಲ 'ಹೆಚ್ಚಾದ' ಬಿಡಲಿಲ್ಲ.

"ಅದೇನು ಪೂರ್ತಿ ಸುಳ್ಳಲ್ಲ ಅಕ್ಕ" ಎಂದ ಬೂದಿ.

ಮುಳ್ಳಕ್ಕ ತಟ್ಟನೆ ನಿಂತು ಅವನನ್ನು ದಿಟ್ಟಿಸಿದಳು. "ಯಾಕೆ, ನಿನಗೇನು ಬೇಕು?"

ಸಂಜೆ ಮರಿಗಳು ಪುಸ್ತಕವನ್ನು ದಿಬ್ಬದ ಬುಡಕ್ಕೆ ಎಳೆದು ತಂದವು. ನಾಯಿಯ ಪುಟ ಹುಡುಕಿ ತೆಗೆದು, ಓದು ಎಂದು ಬೂದಿಗೆ ದುಂಬಾಲು ಬಿದ್ದವು.

"ನನಗೆ ಓದೋಕೆ ಬರಲ್ಲ" ಎಂದ ಬೂದಿ. ಬಿಸಿಲಲ್ಲಿ ಕೂತು ಕೂತು ದಣಿದಿದ್ದವನಿಗೆ ಆಕಳಿಕೆ ಬಂತು. ಬಾಯಿ ಅಗಲಕ್ಕೆ ತೆರೆಯಿತು, ಬಿಳೀ ಹಲ್ಲು ಕಂಡವು.

ಚುಚ್ಚು ಬೂದಿಯನ್ನು ನೋಡಿದ, ಚಿತ್ರವನ್ನು ನೋಡಿದ. "ಅಮ್ಮ, ಈ ನಾಯಿ ಕಚ್ಚೋಕೆ ಬಂದಿಲ್ಲ. ಇದಕ್ಕೆ ನಿದ್ದೆ ಬಂದಿದೆ."

ಮುಳ್ಳಕ್ಕ ಹತ್ತಿರ ಬಂದಳು. ಚಿತ್ರದಲ್ಲಿ ಆಕಳಿಸುತ್ತಿದ್ದ ನಾಯಿಯ ಹೊಟ್ಟೆಗೆ ತಲೆಯಿಟ್ಟು ಒಂದು ಮಗು ಮಲಗಿತ್ತು. ಹಿಂದಿನ ಸಂಜೆ ಅಷ್ಟು ದೂರದಿಂದ ಅದು ಯಾರಿಗೂ ಕಂಡಿರಲಿಲ್ಲ. ಹತ್ತಿರ ಹೋಗಿ ನೋಡಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ.

ಅವಳು ಆ ಪುಟವನ್ನು ಒಂದು ಸಲ ಮೂಸಿದಳು. ಅದರ ಸುತ್ತ ಒಂದು ಸುತ್ತು ಹಾಕಿದಳು. ಮತ್ತೆ ಮೂಸಿದಳು. ಆಮೇಲೆ ಚುಚ್ಚುವನ್ನು ಬೂದಿಯ ಪಕ್ಕದಲ್ಲಿ ಮಲಗಲು ಬಿಟ್ಟು, ತಾನು ಬಿಲಕ್ಕೆ ಹೋದಳು.

ನೀತಿ: ನಮ್ಮನ್ನು ಹೊಗಳಿದ ಬಾಯಿಯೇ ಇನ್ನೊಬ್ಬರನ್ನು ದೂರಿದರೆ, ದೂರನ್ನು ನಂಬುವ ಮೊದಲು ಹೊಗಳಿಕೆಯನ್ನು ಅನುಮಾನಿಸಬೇಕು.