ಗಂಟೆಗೆ ಗೊತ್ತಿದ್ದ ಉತ್ತರ

ಕಣಿವೆಗಡದ ಪಾಳೆಯಗಾರ ಹಾಲಪ್ಪ ನಾಯಕ ಊರೂರಿಗೂ ಡಂಗುರ ಸಾರಿಸಿದ: ನನ್ನ ಮಗಳು ಸಿರಿಯವ್ವ ಕೇಳುವ ಮೂರು ಒಗಟು ಬಿಡಿಸಿ, ತೀರಿಹೋದ ನನ್ನ ಮಗ ಕಾಟಯ್ಯನ ಕೋವಿಯಿಂದ ಎದುರು ಗುಡ್ಡದ ಕಂಚಿನ ಗಂಟೆಗೆ ಗುಂಡು ತಾಗಿಸಿದವನಿಗೆ ಅವಳನ್ನೂ ಅರ್ಧ ಸೀಮೆಯನ್ನೂ ಕೊಡುತ್ತೇನೆ. ತಪ್ಪಿದವನು ಸೆರೆಯಲ್ಲಿದ್ದು ಮಹಾನವಮಿಯಂದು ತಲೆ ಒಪ್ಪಿಸಬೇಕು.

ಒಗಟುಗಳು ಕಾಟಯ್ಯನವೇ. ದಂಡಿಗೆ ಹೊರಟ ದಿನ ತಂಗಿಗೆ ಅವನ್ನು ಹೇಳಿ, ಇವು ತಿಳಿದವನ ಗುಂಡು ಗುರಿ ತಪ್ಪುವುದಿಲ್ಲ, ಉತ್ತರವನ್ನು ನಾನು ಮರಳಿ ಬಂದ ಮೇಲೆ ಹೇಳುತ್ತೇನೆ ಎಂದು ಅವಳ ಜಡೆ ಎಳೆದು ಹೋಗಿದ್ದ. ಕೋವಿ ಮಾತ್ರ ಮರಳಿತು. ದಿನವೂ ಮುಸ್ಸಂಜೆಗೆ ಅವನು ಕೋಟೆಯ ಕೊತ್ತಲದ ಕೆಳಗಿನಿಂದ ಗುಂಡು ಹೊಡೆದು ಬಾರಿಸುತ್ತಿದ್ದ ಗಂಟೆ ಅಂದಿನಿಂದ ಮೂಕವಾಯಿತು. ಉತ್ತರ ಸಿರಿಯವ್ವನಿಗೂ ಗೊತ್ತಿರಲಿಲ್ಲ. ಗಂಟೆಗೇ ಗೊತ್ತು ಎಂದು ಅವಳು ನಂಬಿದ್ದಳು.

ರಾಜಕುಮಾರರು ಬಂದರು. ಮೊದಲ ಒಗಟು ಇದು: ಬಿಗಿಯಾಗಿ ತಬ್ಬಿದರೆ ದಾರಿ ತಪ್ಪುತ್ತಾನೆ, ಸಡಿಲ ಬಿಟ್ಟರೆ ನೆಟ್ಟಗಿರುತ್ತಾನೆ, ಯಾರವನು? ಒಬ್ಬ ಕುದುರೆ ಎಂದ, ಇನ್ನೊಬ್ಬ ಅಳಿಯ ಎಂದು ನಗಿಸಿದ. ಉತ್ತರಗಳೇನೋ ಚೆನ್ನಾಗಿದ್ದವು. ಆದರೆ ಒಬ್ಬನ ಗುಂಡು ಅಗಸೆಬಾಗಿಲ ಹುಣಸೆಕೊಂಬೆ ಮುರಿಯಿತು, ಇನ್ನೊಬ್ಬನದು ಎತ್ತ ಹೋಯಿತೋ ಯಾರೂ ಕಾಣಲಿಲ್ಲ. ಸೆರೆಮನೆ ತುಂಬುತ್ತ ಬಂತು.

ಕೊನೆಗೆ ಬಂದವನು ಬೋರಯ್ಯ. ಗುಡ್ಡದಡಿಯ ನವಣೆ ಹೊಲಕ್ಕೆ ಹಂದಿ ನುಗ್ಗದಂತೆ ಕಾಯುವವನು. ಅಪ್ಪ ಬಿಟ್ಟುಹೋದ ಸೊಟ್ಟ ಕೋವಿಯನ್ನು ಮನೆಯ ಜಗಲಿಯ ಮೇಲೆ ಬಿಚ್ಚಿ, ಕೆರೆದು, ಕೆಡಿಸಿ, ಮತ್ತೆ ಜೋಡಿಸಿ ಕೈ ಪಳಗಿಸಿಕೊಂಡಿದ್ದ. ಅರ್ಧ ಸೀಮೆಯ ಆಸೆಯೇ ಎಂದು ನಾಯಕ ಕೆಣಕಿದ.

“ಇಲ್ಲ ಬುದ್ಧಿ. ಆ ಗಂಟೆ ಕೇಳದೆ ನನ್ನ ಸಂಜೆ ಮುಗಿಯೋದೇ ಇಲ್ಲ.”

ಸಿರಿಯವ್ವ ಮೊದಲ ಬಾರಿಗೆ ಒಬ್ಬ ಸ್ಪರ್ಧಿಯ ಮುಖ ನೋಡಿದಳು.

ಕೋವಿ ತಂದರು. ಪ್ರತಿ ಮಹಾನವಮಿಗೂ ಅವಳು ಅದನ್ನು ಅರಿಸಿನ ನೀರಲ್ಲಿ ಮೀಯಿಸಿ, ಅಣ್ಣನ ನೆನಪಿಗೆ ಇನ್ನೊಂದು ಬೆಳ್ಳಿಯ ಪಟ್ಟಿ ಬಿಗಿಸುತ್ತಿದ್ದಳು. ಕೋವಿಯ ಮರ ಊದಿತ್ತು, ಗುಂಡು ಹಾಯುವ ಕಬ್ಬಿಣದ ನಳಿಗೆ ಅದರೊಳಗೆ ಬಿಗಿಯಾಗಿ ಸಿಕ್ಕಿಕೊಂಡಿತ್ತು.

“ತಬ್ಬಿದರೆ ದಾರಿ ತಪ್ಪುವವನು ಈ ನಳಿಗೆ, ಅಮ್ಮಣ್ಣಿ. ಪಟ್ಟಿಗಳನ್ನ ತೆಗೀಬೇಕು.”

“ಅವು ನನ್ನಣ್ಣನಿಗೆ ನಾನು ತೊಡಿಸಿದ್ದು. ಮುಟ್ಟಬೇಡ.”

“ಹಾಗಾದರೆ ನನ್ನ ತಲೆ ತಗೊಳ್ಳಿ. ಗಂಟೆ ಮಾತ್ರ ನುಡಿಸು ಅನ್ನಬೇಡಿ.”

ಸಿರಿಯವ್ವ ಎದುರು ಗುಡ್ಡದ ಗಂಟೆಯ ಕಡೆ ನೋಡಿದಳು. ಆಮೇಲೆ ಅವಳೇ ಕುಳಿತು ಒಂದೊಂದು ಪಟ್ಟಿಯನ್ನೂ ತನ್ನ ಕೈಯಿಂದ ಬಿಚ್ಚಿದಳು. ಬೋರಯ್ಯ ಮರವನ್ನು ಬಿಸಿಲಿಗಿಟ್ಟು ಒಣಗಿಸಿ, ನಳಿಗೆಗೂ ಮರಕ್ಕೂ ನಡುವೆ ವೀಳ್ಯದೆಲೆ ಜಾರುವಷ್ಟು ಕೆರೆದು, ಹಿಂದೊಂದು ಮುಂದೊಂದು ಪಟ್ಟಿಯನ್ನು ಮಾತ್ರ ಹಗುರವಾಗಿ ಕಟ್ಟಿದ.

ಎರಡನೆಯದನ್ನು ಕೇಳಿದಳು: ಹೆಚ್ಚು ಉಂಡರೆ ಕೂಗಾಡುತ್ತಾನೆ, ಕಡಿಮೆ ಉಂಡರೆ ಗೊಣಗುತ್ತಾನೆ, ಅಳೆದು ಬಡಿಸಿದರೆ ಮಾತ್ರ ಮಾತಿಗೆ ನಿಲ್ಲುತ್ತಾನೆ. ಕೋವಿಯ ಮದ್ದು ಎಂದ ಬೋರಯ್ಯ. ಹಿಡಿಗಟ್ಟಲೆ ಸುರಿದರೆ ಗುಂಡು ಒಂದು ದಿನ ಮೇಲೆ, ಒಂದು ದಿನ ಕೆಳಗೆ ಹೋಗುತ್ತದೆ ಎಂದು, ತಾನೇ ಕೊರೆದ ಬಿದಿರ ಗೆಣ್ಣಿನಲ್ಲಿ ಅಳೆದು, ಹೆಚ್ಚಾದದ್ದನ್ನು ಬೆರಳಿಂದ ಸವರಿ ತೆಗೆದು ಕೋವಿಗೆ ತುಂಬಿದ.

ಮೂರನೆಯದನ್ನು ಹೇಳುವಾಗ ಅವಳ ದನಿ ತಗ್ಗಿತು. “ಒಬ್ಬ ಹೊರಗೆ ಹೋಗಿದ್ದಾನೆ, ಇನ್ನೂ ಬಂದಿಲ್ಲ. ಅವನು ಬರುವುದರೊಳಗೆ ಮನೆಯ ಕೆಲಸ ಮುಗಿಯಬೇಕು. ಹೋದವನು ಯಾರು?”

ಇಷ್ಟು ದಿನ ಅದು ತನ್ನಣ್ಣನೇ ಎಂದು ಅವಳು ತಿಳಿದಿದ್ದಳು.

“ಉಸಿರು, ಅಮ್ಮಣ್ಣಿ. ಒಳಗಿದ್ದರೆ ಎದೆ ಕೋವಿಯನ್ನ ಎತ್ತುತ್ತೆ. ಬಿಟ್ಟ ಉಸಿರು ಮರಳಿ ಬರೋ ಮೊದಲು ಒಂದು ಗಳಿಗೆ ಎಲ್ಲ ನಿಲ್ಲುತ್ತೆ. ಆಗಲೇ ಹೊಡೀಬೇಕು.”

ಅವನು ಕೊತ್ತಲದ ಕೆಳಗಿನ ಬಂಡೆಗೆ ಇಳಿದು ಮಂಡಿಯೂರಿದ. ಉಸಿರು ಬಿಟ್ಟ. ಹೊಗೆ ಎದ್ದಿತು. ಅದು ಚೆದುರುವ ಮೊದಲೇ ಎದುರು ಗುಡ್ಡದಿಂದ ಗಂಟೆ ನುಡಿಯಿತು, ಕಣಿವೆ ಅದನ್ನು ಎರಡು ಸಲ ಹೇಳಿತು. ಹಾಲಪ್ಪ ನಾಯಕ ಮಗುವಿನಂತೆ ಅತ್ತ.

ಬೋರಯ್ಯ ಮೊದಲು ಬೇಡಿದ್ದು ಸೆರೆಯಲ್ಲಿದ್ದವರ ತಲೆಗಳನ್ನು. ಅವರು ಬಿಡುಗಡೆಯಾಗಿ ತಂತಮ್ಮ ಊರಿಗೆ ಹೋದರು. ಮದುವೆಯನ್ನು ಅವನು ಬಾಯಿಬಿಟ್ಟು ಕೇಳಲಿಲ್ಲ. ಸಿರಿಯವ್ವನೇ ಒಪ್ಪಿಗೆ ಹೇಳಿದಳು, ಅರ್ಧ ಸೀಮೆಯೂ ಅವನದಾಯಿತು.

ಆಮೇಲೆ ದಿನವೂ ಮುಸ್ಸಂಜೆಗೆ ಬೋರಯ್ಯನ ಗುಂಡಿಗೆ ಗಂಟೆ ನುಡಿಯುತ್ತಿತ್ತು. ನುಡಿದೊಡನೆ ಸಿರಿಯವ್ವ ಕೊತ್ತಲದ ಮೆಟ್ಟಿಲ ಕಡೆ ತಿರುಗುತ್ತಿದ್ದಳು. ಗಂಟೆ ಬಾರಿಸಿ ಕಾಟಯ್ಯ ಹತ್ತಿ ಬರುತ್ತಿದ್ದುದು ಅಲ್ಲಿಂದಲೇ. ಬೋರಯ್ಯನಿಗೆ ಅದು ಗೊತ್ತಿತ್ತು. ಅವಳು ನೋಡಿ ಮುಗಿಸುವವರೆಗೆ ಅವನು ಕೆಳಗೇ ನಿಂತಿದ್ದು, ಆಮೇಲೆ ಹತ್ತಿ ಬರುತ್ತಿದ್ದ.