ದೊರೆಗಿಂತ ಗುರುತಿನ ಗೂಬೆಸಿದ್ಧ

“ಕುಂದಲಗಿರಿ ಸೀಮೆಯ ಪ್ರಜೆಗಳೆಲ್ಲ ಕಿವಿಗೊಟ್ಟು ಕೇಳತಕ್ಕದ್ದು. ಮಹಾಪ್ರಭು ರಣಭೈರವರಾಯರು ಮೂರು ಒಗಟು ಒಡ್ಡಿದ್ದಾರೆ. ಮೂರನ್ನೂ ಬಿಡಿಸಿದವರಿಗೆ ಬಾಯಿಬಿಟ್ಟು ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಕುಂಬಾರ ಕಾಟಯ್ಯನ ಎರಡೂ ಕೈ ಕಡಿದು, ಸೀಮೆಯಲ್ಲಿರುವ ಗೂಬೆಸಿದ್ಧನ ಗೊಂಬೆಗಳನ್ನೆಲ್ಲ ಒಡೆದುಹಾಕಲಾಗುತ್ತದೆ.”

ಡಂಗುರ ಸಾರಿದ್ದು ಇಷ್ಟು. ಕಾಟಯ್ಯ ಮಾಡಿದ ತಪ್ಪೇನು ಅಂತ ಅದು ಹೇಳಲಿಲ್ಲ. ಹೇಳುವುದಕ್ಕೆ ನಾಚಿಕೆಯಾಗಿರಬೇಕು. ನನಗೇನು ನಾಚಿಕೆ, ನಾನು ಹೇಳುತ್ತೇನೆ.

ಆ ಸೀಮೆಯಲ್ಲಿ ಸಂಜೆಯಾದರೆ ಜಗಲಿಗಳ ಮೇಲೆಲ್ಲ ಕತೆಯಾಟ. ಒಬ್ಬರು ಕತೆ ಕಟ್ಟುತ್ತಾರೆ: ಮುಂದೆ ಗವಿ, ಗವಿಯೊಳಗೆ ರಕ್ಕಸ ಗೊರಕೆ ಹೊಡೀತಿದ್ದಾನೆ, ಏನು ಮಾಡ್ತೀರಿ? ಉಳಿದವರು ಒಂದೊಂದು ಮಣ್ಣಿನ ಗೊಂಬೆ ಹಿಡಿದು, ಆ ಗೊಂಬೆಯೇ ತಾವಾಗಿ ಮಾತಾಡುತ್ತಾರೆ. ಗೆದ್ದರೋ ಸತ್ತರೋ ದಾಳ ಹೇಳುತ್ತದೆ. ಬಿಲ್ಲುಗಾತಿ, ಕುಳ್ಳ, ಕಳ್ಳ, ಎಲ್ಲರೂ ಉಂಟು. ಆದರೆ ಎಲ್ಲರಿಗೂ ಬೇಕಾದವನು ಗೂಬೆಸಿದ್ಧ. ಒಕ್ಕಣ್ಣಿನ ಮಂತ್ರಗಾರ, ಹೆಗಲ ಮೇಲೊಂದು ಗೂಬೆ. ಅವನನ್ನು ಮೊದಲು ಮಣ್ಣಿನಲ್ಲಿ ಮಾಡಿದವನು ಕಾಟಯ್ಯ. ಬರುಬರುತ್ತ ಗೂಬೆಸಿದ್ಧ ಜಗಲಿ ಇಳಿದು ಊರೊಳಗೆ ಹೊರಟ. ಗೋಡೆಯ ಮೇಲೆ ಬಂದ, ಸೀರೆಯ ಸೆರಗಿಗೆ ಬಂದ. ದಾಳ ಮುಟ್ಟದ ಮುದುಕಿಯರೂ ಅಳುವ ಮಗುವಿಗೆ ಅವನನ್ನೇ ತೋರಿಸಿ ಸುಮ್ಮನಾಗಿಸುತ್ತಿದ್ದರು.

ಹೀಗಿರುವಾಗ ದೊರೆ ಗಡಿಯ ಹಳ್ಳಿಗೆ ಸವಾರಿ ಹೋದ. ಕುದುರೆ ಇಳಿದು ಮೀಸೆ ತಿರುವಿ ನಿಂತರೆ, ಒಬ್ಬ ಹೆಂಗಸು ಯಾವೂರಾಯ್ತಪ್ಪ ಅಂತ ಕೇಳಿದಳು. ಅದೇ ಹೊತ್ತಿಗೆ ಹಿಂದೆ ಬರುತ್ತಿದ್ದ ಸಂತೆಯ ಗಾಡಿಯಿಂದ ಗೂಬೆಸಿದ್ಧನ ಗೊಂಬೆಯೊಂದು ಉರುಳಿತು. ಊರಿಗೆ ಊರೇ ಅವನ ಹೆಸರು ಕೂಗುತ್ತ ಓಡಿಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದೊರೆ ಹಿಂದಿರುಗಿದವನೇ ಕುಂಬಾರನನ್ನು ಸೆರೆಗೆ ಹಾಕಿಸಿದ.

ಒಗಟು ಬಿಡಿಸಲು ಮೊದಲು ಬಂದವನು ಆಸ್ಥಾನದ ಅವಧಾನಿ. ದೊರೆ ಕೇಳಿದ: “ಹೆತ್ತ ತಾಯಿಲ್ಲ, ಹೂತ ಗುಂಡಿಯಿಲ್ಲ. ಇವತ್ತು ಸಾಯುತ್ತಾನೆ, ನಾಳೆ ಸಂಜೆ ಬಂದು ಕೂರುತ್ತಾನೆ. ಯಾರವನು?” ಜಗಲಿಯ ಕಡೆ ಎಂದೂ ಕಣ್ಣು ಹಾಯಿಸದ ಅವಧಾನಿ ಪರಬ್ರಹ್ಮ ಅಂದ. ಪಾಂಡಿತ್ಯ ಅಲ್ಲಿಗೇ ಮುಗಿಯಿತು, ತಲೆಯೂ ಮುಗಿಯಿತು.

ಎರಡನೆಯವನು ದಳವಾಯಿ. ಮೊದಲನೆಯದರ ಉತ್ತರವನ್ನು ಅಡಿಗೆಯವನಿಂದ ಕೇಳಿಕೊಂಡು ಬಂದಿದ್ದ. ದೊರೆ ಮುಂದಿನದನ್ನು ಒಡ್ಡಿದ: “ಮುಖ ಆರು, ಬಾಯಿ ಒಂದೂ ಇಲ್ಲ. ಆದರೂ ಅದು ಹೇಳಿದ ಮೇಲೆ ದೊರೆಯಾದರೂ ತೆಪ್ಪಗಿರಬೇಕು. ಏನದು?” ದಳವಾಯಿ ಎದೆಯುಬ್ಬಿಸಿ ಷಣ್ಮುಖಸ್ವಾಮಿ ಅಂದ. ಸ್ವಾಮಿಗೆ ಬಾಯಿಲ್ಲ ಅಂತ ಇವನಿಗೆ ಯಾರು ಹೇಳಿದರೋ.

ಮೂರನೆಯವನು ಪಾಳೇಗಾರನೊಬ್ಬನ ಮಗ, ಎರಡನ್ನು ದಾಟಿದ. ಆಗ ದೊರೆ ಸಿಂಹಾಸನದಲ್ಲಿ ಮುಂದೆ ಬಾಗಿದ. “ನನ್ನ ಮುಖ ನಾಣ್ಯದ ಮೇಲಿದೆ, ಕಲ್ಲಿನ ಮೇಲಿದೆ. ಅವನದು ಬರೀ ಮಣ್ಣು. ಆದರೂ ಜನ ಅವನನ್ನು ಗುರುತಿಸುತ್ತಾರೆ, ನನ್ನನ್ನಲ್ಲ. ಯಾಕೆ?” ಅವನ ಹೆಗಲ ಮೇಲೆ ಗೂಬೆಯಿದೆ, ತಮ್ಮ ಹೆಗಲ ಮೇಲಿಲ್ಲ ಅಂದ ಆ ಜಾಣ. ದೊರೆ ನಂಬಿದ. ನಂಬಿ, ಹೆಗಲ ಮೇಲೆ ಗೂಬೆ ಕೂರಿಸಿಕೊಂಡು ಸಂತೆಪೇಟೆ ಸುತ್ತಿದ. ಗೂಬೆ ರೇಷ್ಮೆ ಶಲ್ಯದ ಮೇಲೆ ಹೇತಿತು. ಜನ ಮಾತ್ರ, ನೋಡ್ರೋ ಗೂಬೆಸಿದ್ಧನ ವೇಷ ಅಂತ ಕಾಸು ಎಸೆದರು. ಸಂಜೆಗೆ ಪಾಳೇಗಾರನಿಗೆ ಮಗನಿಲ್ಲ.

ನಿಜ ಹೇಳಬೇಕೆಂದರೆ ಮೂರನೆಯದಕ್ಕೆ ಉತ್ತರ ದೊರೆಗೂ ಗೊತ್ತಿರಲಿಲ್ಲ. ತನಗೇ ಗೊತ್ತಿಲ್ಲದ್ದನ್ನು ಕೇಳಿ ಕಂಡವರ ತಲೆ ತೆಗೆಯುವುದಕ್ಕೆ ದೊರೆತನ ಅನ್ನುತ್ತಾರೆ.

ಅಮಾವಾಸ್ಯೆಯ ದಿನ ಕಾಟಯ್ಯನ ತಮ್ಮ ಕೆಂಪೀರ ಬಂದ. ಮೊಣಕೈವರೆಗೆ ಮಣ್ಣು. ಮಂತ್ರಿಗಳು ಮೂಗು ಮುಚ್ಚಿಕೊಂಡರು. ಅಣ್ಣನ ಕೈ ಹೋದರೆ ಅಣ್ಣ ಉಳಿದೂ ಉಳಿದಂತಲ್ಲ ಅಂತ ಅವನಿಗೆ ಗೊತ್ತಿತ್ತು. ಮೊದಲನೆಯದು ಆಟದ ಗೊಂಬೆಯೊಳಗಿನ ವೀರ, ಹಡೆದವರಿಲ್ಲ, ಸತ್ತರೂ ಮರುದಿನ ಹೊಸ ಆಟ ಅಂದ. ಎರಡನೆಯದು ದಾಳ ಅಂದ. ಮೂರನೆಯದಕ್ಕೆ ಅವನು ತಲೆ ತೆಗೆಯಲು ನಿಂತಿದ್ದ ತಳವಾರನ ಕಡೆ ತಿರುಗಿದ.

“ಅಣ್ಣಾ, ಗವಿಯ ಬಾಯಿ ಮುಚ್ಚಿಹೋಗಿದೆ, ರಕ್ಕಸ ಎದ್ದಿದ್ದಾನೆ. ಗೂಬೆಸಿದ್ಧ ಏನಂತಾನೆ?”

ತಳವಾರ ಕತ್ತಿ ಮರೆತ. ಒಂದು ಕಣ್ಣು ಮುಚ್ಚಿ, ಹೆಗಲು ಓರೆ ಮಾಡಿ, ಗೊಗ್ಗರು ದನಿಯಲ್ಲಿ ಹೇಳಿದ: “ಹೆದರಬ್ಯಾಡ್ರಲೇ, ನನ್ನ ಗೂಬೆಗೆ ಕತ್ತಲೇ ಹಗಲು.” ಮಂತ್ರಿಗಳ ತುಟಿಯೂ ಅವನ ಜೊತೆ ಆಡಿತು. ಪರದೆಯ ಹಿಂದಿನಿಂದ ಮಹಾರಾಣಿಯ ದನಿಯೂ ಕೇಳಿಸಿತು.

“ಈಗ ಹೇಳಣ್ಣಾ, ದೊರೆಗಳು ಏನಂತಾರೆ?”

ತಳವಾರನಿಗೆ ಕತ್ತಿ ನೆನಪಾಯಿತು. “ತಲೆ ತೆಗಿ ಅಂತಾರೆ,” ಅಂದ. “ನಾನು ಕೇಳಿರೋದು ಅದೊಂದೇ.”

ಕೆಂಪೀರ ದೊರೆಗೆ ಕೈಮುಗಿದ. “ಬುದ್ಧೀ, ಗೂಬೆಸಿದ್ಧನಾಗಿ ಒಂದು ಸಂಜೆ ಕೂತಿಲ್ಲದವರು ಈ ಸೀಮೆಯಲ್ಲಿ ಕಡಿಮೆ. ಕೂರದವರೂ ಕೂತವರ ಬಾಯಲ್ಲಿ ಅವನ ಮಾತು ಕೇಳಿದ್ದಾರೆ. ಅದಕ್ಕೇ ಗುರುತು. ನಿಮ್ಮ ಮುಂದೆ ನಮಗೆ ಸಿಗೋದು ಅಡ್ಡಬೀಳೋ ಜಾಗ ಒಂದೇ. ಅಡ್ಡಬಿದ್ದವರಿಗೆ ಮುಖ ಕಾಣೋದಿಲ್ಲ, ಕಾಲು ಕಾಣುತ್ತೆ.”

ತಪ್ಪು ಅನ್ನಲು ದೊರೆ ಬಾಯಿ ತೆರೆದ. ಸಭೆಯಲ್ಲಿ ಒಬ್ಬರೂ ಅವನ ಮುಖ ನೋಡುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡ. ಕೆಂಪೀರ ಕೇಳಿದ್ದು ಅಣ್ಣನನ್ನು, ಎರಡು ಕೈ ಸಮೇತ. ದೊರೆ ಅಷ್ಟನ್ನೂ ಕೊಟ್ಟು, ಕೆರೆಯ ಮಣ್ಣನ್ನು ಅವರ ಮನೆಗೆ ಉಂಬಳಿ ಬರೆದುಕೊಟ್ಟ. ಆಮೇಲೆ ದನಿ ತಗ್ಗಿಸಿ, ನನ್ನದೂ ಒಂದು ಗೊಂಬೆ ಮಾಡಿಸಪ್ಪ ಅಂದ. ಕಾಟಯ್ಯ ಮಾಡಿದ. ಮೀಸೆ ನಿಜದ್ದಕ್ಕಿಂತ ಚೆನ್ನಾಗಿಯೇ ಬಂತು.

ತನ್ನನ್ನು ಯಾರು ಎತ್ತಿಕೊಳ್ಳುತ್ತಾರೋ ನೋಡೋಣ ಅಂತ ದೊರೆ ಒಂದು ಸಂಜೆ ಸಾದಾ ಪಂಚೆಯುಟ್ಟು ಜಗಲಿಯೊಂದಕ್ಕೆ ಹೋದ. ಎಂದಿನಂತೆ ಯಾರಿಗೂ ಗುರುತು ಸಿಗಲಿಲ್ಲ. ಗೊಂಬೆಗಳನ್ನು ಸಾಲಾಗಿ ಇಟ್ಟರು. ನೀವು ಹೊಸಬರು, ಮೊದಲು ನೀವೇ ಆರಿಸಿಕೊಳ್ಳಿ ಯಜಮಾನ್ರೇ ಅಂದರು.

ದೊರೆಯ ಕೈ ದೊರೆಯ ಗೊಂಬೆಯನ್ನು ದಾಟಿಕೊಂಡು ಹೋಗಿ ಗೂಬೆಸಿದ್ಧನನ್ನು ಎತ್ತಿಕೊಂಡಿತು.