ಮೊದಲ್ತುತ್ತಿನ ಬಂಡೆ

ಕಣಿವೆಹಾಳಿನಿಂದ ಪಡುವಣಕ್ಕೆ ಎರಡು ಹರಿದಾರಿ ನಡೆದರೆ ಕುರುಚಲು ಕಾಡಿನ ನಡುವೆ ಹಾಳುಬಿದ್ದ ಸಣ್ಣ ಕೋಟೆಯೊಂದು ಸಿಗುತ್ತದೆ. ಬಾಗಿಲ ಕಲ್ಲುಗಳು ನೆಲಕ್ಕೊರಗಿವೆ. ಅರಮನೆಯಿದ್ದ ಜಾಗದಲ್ಲಿ ಈಗ ಆಡುಗಳು ಮೇಯುತ್ತವೆ. ಅಡುಗೆಮನೆಯ ಒಂದು ಗೋಡೆ ಮಾತ್ರ ಆಳೆತ್ತರ ಉಳಿದಿದೆ. ಅದರ ಎದುರಿಗೆ ಕೂಗಳತೆಯಲ್ಲಿ, ನೆರಳಿಲ್ಲದ ಬಯಲಿನಲ್ಲಿ, ಒಬ್ಬರು ಕೂತು ಊಟ ಮಾಡುವಷ್ಟೇ ಅಗಲದ ಚಪ್ಪಟೆ ಬಂಡೆಯೊಂದಿದೆ. ಸುತ್ತಲಿನ ಹಟ್ಟಿಯವರು ಅದನ್ನು ಮೊದಲ್ತುತ್ತಿನ ಬಂಡೆ ಎನ್ನುತ್ತಾರೆ. ಮಕ್ಕಳಿಗೆ ಮೊದಲ ಅನ್ನ ಉಣಿಸುವ ಜಾಗವಿರಬೇಕೆಂದು ಹೊಸಬರು ತಿಳಿಯುವುದುಂಟು. ನಾನೂ ಹಾಗೆಯೇ ತಿಳಿದಿದ್ದೆ. ಹಟ್ಟಿಯ ಹಿರಿಯರು ಹೇಳಿದ್ದು ಬೇರೆ. ಕೇಳಿದಷ್ಟನ್ನು ಇಲ್ಲಿ ಬರೆದಿಡುತ್ತೇನೆ.

ಹಿಂದೆ ಒಮ್ಮೆ ಈ ಕೋಟೆಯನ್ನು ಹಂಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಅವನ ಅಣ್ಣ ಹಬ್ಬದೂಟದಲ್ಲಿ ವಿಷವುಂಡು ಸತ್ತ ಮೇಲೆ ಪಟ್ಟ ಇವನಿಗೆ ಬಂದಿತ್ತು, ಅದರ ಜೊತೆಗೆ ಭಯವೂ ಬಂದಿತ್ತು. ತನಗಿಂತ ಮೊದಲು ಉಂಡು ನೋಡಲು ಅವನು ಕಾಟಯ್ಯ ಎಂಬ ಆಳನ್ನು ನೇಮಿಸಿದ. ಕಾಟಯ್ಯ ಆ ಬಂಡೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಕೂತು ದೊರೆಯ ಅಡುಗೆಯನ್ನು ಉಣ್ಣಬೇಕು, ತನ್ನ ನೆರಳು ಒಂದು ಗೇಣು ಸರಿಯುವವರೆಗೆ ಅಲ್ಲೇ ಇರಬೇಕು. ಯಾರೂ ಅವನ ಬಳಿ ಸುಳಿಯುವಂತಿರಲಿಲ್ಲ, ವಿಷಕ್ಕೆ ಮಾರುಮದ್ದು ಕೊಟ್ಟಾರೆಂಬ ಅನುಮಾನ. ಅದೇ ಕಾರಣಕ್ಕೆ ಮನೆಯಲ್ಲಿ ಅವನು ಒಂದು ಹಿಡಿ ಹಿಟ್ಟನ್ನೂ ಬಾಯಿಗಿಡುವಂತಿರಲಿಲ್ಲ, ಅವನಿದ್ದಷ್ಟು ಹೊತ್ತು ಅಲ್ಲೂ ಕಾವಲಿರುತ್ತಿತ್ತು. ಕಟ್ಟಳೆ ಇನ್ನೂ ಒಂದಿತ್ತು: ಅವನಿಂದ ಆಗದೇ ಹೋದರೆ ಅವನ ಮನೆಯವರೇ ಆ ಜಾಗದಲ್ಲಿ ಕೂರಬೇಕು. ಅವನ ಮನೆಯಲ್ಲಿದ್ದವಳು ಹೆಂಡತಿ ಸೂರವ್ವ ಒಬ್ಬಳೇ. ಮಕ್ಕಳಿರಲಿಲ್ಲ. ಹನ್ನೊಂದು ವರ್ಷ ಅವನು ಬಂಡೆಯ ಮೇಲೆ ಒಬ್ಬನೇ ಉಂಡ, ಅವಳು ಒಲೆಯ ಮುಂದೆ ಒಬ್ಬಳೇ ಉಂಡಳು.

ದೊರೆಗೆ ವಿಪರೀತ ಖಾರ ಬೇಕಿತ್ತು. ದಿನವೂ ಬರಿಹೊಟ್ಟೆಗೆ ಆ ಖಾರ, ಪ್ರತಿ ತುತ್ತಿಗೂ ಇದೇ ಕೊನೆಯದೇನೋ ಎಂಬ ದಿಗಿಲು. ಕಾಟಯ್ಯನ ಹೊಟ್ಟೆಯಲ್ಲಿ ಹುಣ್ಣಾಯಿತು. ತಾನು ಎದ್ದರೆ ಸೂರವ್ವ ಕೂರಬೇಕಾಗುತ್ತದೆಂದು ಅವನು ನೋವನ್ನು ಹಲ್ಲುಕಚ್ಚಿ ಮುಚ್ಚಿಟ್ಟ. ಆದರೆ ಅವನ ಪಂಚೆ ಒಗೆಯುವವಳು ಅವಳು. ವಾಂತಿಯ ಕಲೆಯಲ್ಲಿ ರಕ್ತ ಕಂಡ ದಿನ ಅವಳು ಗುದ್ದಲಿ ಹಿಡಿದು ಗುಡ್ಡ ಹತ್ತಿದಳು. ಹೊಟ್ಟೆಯ ಉರಿಗೆ ಅವಳ ತವರಿನವರು ಬಲ್ಲ ಮದ್ದೊಂದಿತ್ತು. ಮುಳ್ಳುಬಳ್ಳಿಯ ಬುಡದಲ್ಲಿ ಗೊಂಚಲುಗೊಂಚಲಾಗಿ ಇಳಿಯುವ ಆ ಬೇರಿಗೆ ನಮ್ಮ ಕಡೆ ಹಲವು ಮಕ್ಕಳ ತಾಯಿ ಬೇರು ಎನ್ನುತ್ತಾರೆ. ಮಕ್ಕಳಿಲ್ಲದ ಸೂರವ್ವ ಅದನ್ನೇ ಅಗೆದು ತಂದು, ಸಿಪ್ಪೆ ಸುಲಿದು, ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಆಡಿನ ಹಾಲಿಗೆ ಬೆರೆಸಿದಳು. ಬೆಳಗ್ಗೆ ನೀರಿಗೆ ಹೋಗುವ ನೆಪದಲ್ಲಿ ಬಂಡೆಯ ಕುಳಿಯೊಂದರಲ್ಲಿ ಆ ರಸ ಸುರಿದು ಹೋಗುವಳು. ಕಾಟಯ್ಯ ಬಂದು ಕೂತು, ಬಾಗಿ, ಯಾರಿಗೂ ಕಾಣದಂತೆ ಹೀರಿಕೊಳ್ಳುವನು. ತಿಂಗಳೊಳಗೆ ಉರಿ ತಗ್ಗಿತು, ಮೈಯಲ್ಲಿ ಕಸುವು ಬಂತು.

ಒಂದು ದಿನ ಕಾವಲಿನವನ ಕಣ್ಣಿಗೆ ಅದು ಬಿತ್ತು. ಮಾರುಮದ್ದು ಕೊಡುವವಳಿಗೆ ವಿಷ ಹಾಕುವವರೂ ಗೊತ್ತಿರಬೇಕೆಂದು ಅವಳನ್ನು ದೊರೆಯ ಮುಂದೆ ತಂದು ನಿಲ್ಲಿಸಿದರು. ಅದು ಹುಣ್ಣಿನ ಮದ್ದೆಂದು ಅವಳು ಹೇಳಿದಳು. ನಾಯಕ ನಂಬಲಿಲ್ಲ. ಆಗ ಸೂರವ್ವ ತಲೆಯೆತ್ತಿ, “ಹನ್ನೊಂದು ವರ್ಷದಿಂದ ನನ್ನ ಗಂಡ ನನ್ನ ಕೈಯಿಂದ ಏನೂ ಉಂಡಿಲ್ಲ ದೊರೆ. ಇದೊಂದನ್ನಾದರೂ ಕುಡೀಲಿ ಅಂತ ತಂದೆ” ಎಂದಳಂತೆ. ಅವನು ಅವಳ ಜೀವ ತೆಗೆಯಲಿಲ್ಲ, ಗಡಿಯ ಕಲ್ಲಿನಾಚೆ ಅಟ್ಟಿದ. ಅಲ್ಲಿನ ಗುಡ್ಡದಲ್ಲಿ ಗುಡಿಸಲು ಹಾಕಿಕೊಂಡು, ಕೋಟೆಯ ಅಡುಗೆಮನೆಯಿಂದ ಹೊಗೆ ಏಳುವುದನ್ನು ನೋಡಿ ಅವಳು ಗಂಡನ ಊಟದ ಹೊತ್ತು ತಿಳಿಯುತ್ತಿದ್ದಳು.

ಮುಂದಿನ ಮಳೆಗಾಲಕ್ಕೆ ಮೊದಲೇ ಕಾಟಯ್ಯ ಬಂಡೆಯ ಮೇಲೆ ರಕ್ತ ಕಾರಿ ಬಿದ್ದ. ವಿಷವೆಂದು ಹುಯಿಲೆದ್ದಿತು, ಅಡುಗೆಯವರ ಕೈಗೆ ಹಗ್ಗ ಬಿತ್ತು. ನಾಯಕನೇ ಓಡಿ ಬಂದಾಗ ಕಾಟಯ್ಯನಲ್ಲಿ ಇನ್ನೂ ಉಸಿರಿತ್ತು. “ಅಡುಗೆಯವರದ್ದು ತಪ್ಪಿಲ್ಲ. ಇದು ಹಳೇ ಹುಣ್ಣು. ಅವಳು ಹೇಳಿದ್ದು ನಿಜ” ಎಂದ. ಸುದ್ದಿ ತಿಳಿದು ಸೂರವ್ವ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳನ್ನು ಯಾರೂ ತಡೆಯಲಿಲ್ಲ. ಗಂಡನನ್ನು ಮಣ್ಣು ಮಾಡಿದ ಮೇಲೂ ಅವಳು ಅಲ್ಲಿಂದ ಕದಲಲಿಲ್ಲ. ಹೊಟ್ಟೆಯುರಿ ಎಂದು ಬಂದವರಿಗೆಲ್ಲ ಬೇರು ಜಜ್ಜಿ ಕೊಡುತ್ತ ಆ ಬಂಡೆಯ ಪಕ್ಕದಲ್ಲೇ ಉಳಿದಳು.

ಅವಳನ್ನು ಕಾಟಯ್ಯನ ಜಾಗದಲ್ಲಿ ಕೂರಿಸುವ ಧೈರ್ಯ ನಾಯಕನಿಗಾಗಲಿಲ್ಲ. ಬೇರೆ ಯಾರೂ ಒಪ್ಪಲಿಲ್ಲ. ಭಯದಿಂದ ಉಪವಾಸ ಬಿದ್ದ ಅವನ ಹೊಟ್ಟೆಯಲ್ಲೂ ಅದೇ ಹುಣ್ಣಾಯಿತು. ಒಂದು ಮಧ್ಯಾಹ್ನ ಅವನು ಆಳುಕಾಳಿಲ್ಲದೆ ಒಬ್ಬನೇ ನಡೆದು ಬಂದು ಅವಳ ಮುಂದೆ ನಿಂತ. ಅವಳು ರಸ ಹಿಂಡಿ ಚಿಪ್ಪಿನಲ್ಲಿ ಕೊಟ್ಟಳು. ಅವನು ಚಿಪ್ಪು ಹಿಡಿದು, ಇದನ್ನು ಮೊದಲು ಯಾರು ಕುಡಿದು ನೋಡುತ್ತಾರೆ ಎಂದು ಕೇಳಿದ.

“ನೋಡುತ್ತಿದ್ದವನು ಹೋದ, ದೊರೆ” ಎಂದಳು.

ಅವನು ಬಂಡೆಯ ಮೇಲೆ ಕೂತ. ಬಹಳ ಹೊತ್ತು ಚಿಪ್ಪನ್ನೇ ನೋಡಿದ, ಆಮೇಲೆ ಕುಡಿದ. ಅವಳು ತನ್ನ ಮುದ್ದೆಯಲ್ಲಿ ಒಂದು ತುತ್ತು ಮುರಿದಿಟ್ಟಳು, ಅದನ್ನೂ ಉಂಡ. ನಲವತ್ತು ದಿನ ಅವನು ಹೀಗೆ ಬಂದು ಹೋದ, ನಲವತ್ತು ದಿನವೂ ಅವಳು ಮದ್ದು ಕೊಟ್ಟು ಬೆನ್ನು ತಿರುಗಿಸಿ ಕೂತಳು ಎನ್ನುತ್ತಾರೆ. ಹುಣ್ಣು ಮಾಯಿತು. ಅವಳು ಮತ್ತೆ ಅವನೊಡನೆ ಮಾತಾಡಲಿಲ್ಲ. ಕಾಟಯ್ಯ ಅಲ್ಲಿ ಮೊದಲ ತುತ್ತು ಉಣ್ಣುತ್ತಿದ್ದುದರಿಂದ ಬಂಡೆಗೆ ಈ ಹೆಸರು ಎಂದು ಕೆಲವರ ಮಾತು. ಹಟ್ಟಿಯ ಹಿರಿಯರು ಒಪ್ಪುವುದಿಲ್ಲ. ಅಷ್ಟು ವರ್ಷಗಳಲ್ಲಿ ನಾಯಕ ಯಾರಿಗೂ ಮೊದಲು ಉಣಿಸದೆ ತಾನೇ ಉಂಡ ಮೊದಲ ತುತ್ತು ಅದು ಎಂಬುದು ಅವರ ಮತ.

ಇಂದು ಆ ಬಂಡೆಯ ಬಿರುಕುಗಳಲ್ಲಿ ಮುಳ್ಳುಬಳ್ಳಿ ಹಬ್ಬಿದೆ, ಮಳೆ ಬಿದ್ದ ಮೇಲೆ ಸಣ್ಣ ಬಿಳಿ ಹೂ ಬಿಡುತ್ತದೆ. ಬುತ್ತಿ ಕಟ್ಟಿಕೊಂಡು ಬಂದವರು ಅಲ್ಲಿ ಮೊದಲ ತುತ್ತನ್ನು ಜೊತೆಗಿರುವವರ ಬಾಯಿಗಿಟ್ಟೇ ತಾವು ಉಣ್ಣುತ್ತಾರೆ. ಒಬ್ಬರೇ ಬಂದವರು ಒಂದು ತುತ್ತನ್ನು ಬಂಡೆಯ ಮೇಲಿಟ್ಟು, ಕಾಗೆ ಬಂದು ಮುಟ್ಟುವವರೆಗೆ ಕಾಯಬೇಕು. ಆ ಬಯಲಿಗೆ ಕಾಗೆ ಬೇಗ ಬರುವುದಿಲ್ಲ.